ಮೂಗಿನೊಳಗಿನ ಭಾರ

ಮೇ 11, ಶನಿವಾರ. ಸಂಜೆ

ಕಾಕ್‌ಪಿಟ್ ಸೀಟಿಗೆ ಎರಡನೇ ಕೋಟ್ ಆಯ್ತು. ಒಣಗಲಿ. ಅಂಗಡಿಗೆ ಇವತ್ತು ಬಂದ ಪಂಪ್ ಮೋಟಾರ್ ಎಲ್ಲ ಸುಟ್ಟವೇ. ಕರೆಂಟು ಹೀಗೆ ಕುಣಿದರೆ ಕಾಯಿಲ್ ಏನು ಮಾಡೀತು. ಚಿನ್ನಮನೂರಿನ ದ್ರಾಕ್ಷಿ ತೋಟದವರು ನನ್ನ ಹೊಟ್ಟೆಪಾಡು ನಡೆಯಲಿ ಅಂತಲೇ ಮೋಟಾರ್ ಸುಡುತ್ತಾರೆ ಎಂದು ಹೆಂಡತಿ ಸೆಲ್ವಿಯ ತಮಾಷೆ.

ಅಂಟಿಸಿ ಜೋಡಿಸುವ ಈ ಪ್ಲಾಸ್ಟಿಕ್ ವಿಮಾನದ ಕಿಟ್ ಚೆನ್ನಾಗಿದೆ. ಪಿ-38. ನಲವತ್ತೆಂಟರಲ್ಲಿ ಒಂದು ಸ್ಕೇಲ್. ಕೊನೆಗೂ ಅವಳ ವಿಮಾನ. ನನ್ನ ಪ್ರೀತಿ ಡಕೋಟಾ ಮೇಲೆ — ದಪ್ಪ ಹೊಟ್ಟೆ, ಬಾಲ ನೆಲಕ್ಕೆ ಊರಿಕೊಂಡು ನಿಲ್ಲುವ ಸಾಧು ಪ್ರಾಣಿ. ಶೋಕೇಸಿನಲ್ಲಿ ಬೇರೆ ಬೇರೆ ಬಣ್ಣದಲ್ಲಿ ಅದೇ ತುಂಬಿದೆ. ಅವಳಿಗೆ ಅದು ಸಪ್ಪೆ. ಪಿ-38ರ ಚಿತ್ರ ಮೊದಲ ಸಲ ತೋರಿಸಿದಾಗಲೇ ಕೂಗಿದ್ದಳು.

"ಇದು ರೇಕ್ಲಾ ವಂಡಿ ಅಲ್ವಾ! ಅತ್ತ ಒಂದು ಎತ್ತು, ಇತ್ತ ಒಂದು ಎತ್ತು, ನಡೂಲಿ ಓಡ್ಸೋವ."

ತಪ್ಪೇನಿಲ್ಲ. ಎರಡು ಎಂಜಿನ್, ಎರಡು ಪ್ರೊಪೆಲ್ಲರ್, ಹಿಂದಕ್ಕೆ ಚಾಚಿದ ಎರಡು ಉದ್ದ ದೇಹ. ನಡುವೆ ಪೈಲಟ್ ಕೂರುವ ಪುಟ್ಟ ಗೂಡು. ಕಷ್ಟ ಏನೆಂದರೆ ಇದಕ್ಕೆ ಮುಂಗಾಲು. ಮುಂದಿನ ಚಕ್ರ ಮೂಗಿನ ಕೆಳಗೆ. ನಿಜವಾದ ವಿಮಾನಕ್ಕೆ ಮೂಗಿನಲ್ಲಿ ಬಂದೂಕಿನ ಭಾರ ಇರುತ್ತದೆ. ಪ್ಲಾಸ್ಟಿಕ್ಕಿನದರಲ್ಲಿ ಮೂಗು ಖಾಲಿ. ಮುಚ್ಚಿ ಅಂಟಿಸುವ ಮೊದಲೇ ಒಳಗೆ ಸೀಸ ತುಂಬದಿದ್ದರೆ ಬಾಲ ಕೆಳಗೆ ಕೂತು, ಮೂಗು ಆಕಾಶ ನೋಡುತ್ತದೆ. ಆಮೇಲೆ ಬುದ್ಧಿ ಬಂದು ಪ್ರಯೋಜನವಿಲ್ಲ, ಒಡೆಯಬೇಕು. ಹಿಂದೆ ಬಿ-25 ಕಟ್ಟುವಾಗ ಮರೆತಿದ್ದೆ. ಅದು ಇವತ್ತಿಗೂ ಬಾಲದ ಕೆಳಗೆ ಬೆಂಕಿಕಡ್ಡಿ ಊರಿಕೊಂಡು ನಿಂತಿದೆ. ಅವತ್ತಿನಿಂದ ಯಾವ ಕಿಟ್ ತೆರೆದರೂ ಅಡುಗೆಮನೆಯಿಂದ ಒಂದೇ ಪ್ರಶ್ನೆ.

"ಮೂಗಿಗೆ ಗುಂಡು ಇಕ್ಕಿದೀರಾ?"

ಡಕೋಟಾಗೂ ಕೇಳುತ್ತಾಳೆ. ಡಕೋಟಾಗೆ ಬೇಡ ಕಣೇ ಅಂದರೂ ಕೇಳುತ್ತಾಳೆ.


ಮೇ 15, ಬುಧವಾರ

ಆಂಡಿಪಟ್ಟಿಗೆ ಹೋದವನು ವೈಗೈ ಡ್ಯಾಮ್ ತನಕ ಹೋಗಿ ಬಂದೆ. ಅಲ್ಲಿ ಗಾಳದ ಸಾಮಾನು ಮಾರುವವನ ಹತ್ತಿರ ಸೀಸದ ಈಯಗುಂಡು ಒಂದು ಪ್ಯಾಕೆಟ್. ಮೀನು ಹಿಡೀತೀರಾ ಅಣ್ಣಾ ಎಂದ. ವಿಮಾನ ಹಿಡೀತೀನಿ ಅಂದೆ. ಚಿಲ್ಲರೆ ಎಣಿಸಿ ಕೊಟ್ಟ. ಪ್ಯಾಕೆಟ್ ಡ್ರಾಯರಿನಲ್ಲಿ ಇದೆ.

ಸೆಲ್ವಿಗೆ ತಲೆನೋವು. ಮಧ್ಯಾಹ್ನದಿಂದ ಮಲಗಿದ್ದಾಳೆ. ಡಾಕ್ಟರ ಹತ್ತಿರ ಹೋಗೋಣ ಅಂದರೆ ಶನಿವಾರ ನೋಡೋಣ ಅಂತಾಳೆ. ದಿಂಡುಗಲ್ಲಿನಿಂದ ಅಭಿ ಫೋನು. ಅಮ್ಮನಿಗೆ ಕೊಡಿ ಅಂದಳು — ಮಲಗಿದ್ದಾಳೆ ಅಂದೆ. ಮತ್ತೇನು ಬರೀತಿದೀರ, ಜಿಲೇಬಿನಾ ಅಂದಳು. ಮಗಳಿಗೆ ನನ್ನ ಕನ್ನಡ ಅಕ್ಷರ ಕಂಡರೆ ನಗು. ಮಾತು ಮನೆಯವರೆಲ್ಲರದು, ಅಕ್ಷರ ನನಗೊಬ್ಬನಿಗೆ — ಬೆಂಗಳೂರಿನ ಅಪ್ರೆಂಟಿಸ್ ದಿನಗಳಲ್ಲಿ ಬಸ್ ಬೋರ್ಡು ಓದಿ ಓದಿ ಕಲಿತದ್ದು. ಮೊದಲ ಕಿಟ್ ಕೊಂಡದ್ದೂ ಅಲ್ಲೇ. ಎರಡೂ ಬಿಡಲಿಲ್ಲ.


ಜೂನ್ 8, ಶನಿವಾರ

ಸೆಲ್ವಿ ಇಲ್ಲ.

ಬರೆದು ನೋಡಿದೆ. ಬರೆದರೆ ಒಳಗೆ ಏನಾದರೂ ಆಗಬಹುದು ಅಂದುಕೊಂಡಿದ್ದೆ. ಆಗಲಿಲ್ಲ.

ಮೇ 18ರ ಬೆಳಗ್ಗೆ ವಾಂತಿ. ಮೊದಲು ತೇನಿ. ಅಲ್ಲಿಂದ ಮದುರೈ. ತಲೆಯೊಳಗೆ ರಕ್ತನಾಳ ಒಡೆದಿದೆ ಅಂದರು. ಸ್ಕ್ಯಾನಿಗೆ ಮೈಮೇಲೆ ಲೋಹ ಇರಬಾರದು. ತಾಳಿ ಸರ ತೆಗೆದರು, ಓಲೆ ತೆಗೆದರು. ಮೆಟ್ಟಿ, ಕಾಲುಂಗುರ, ಬರಲಿಲ್ಲ. ಮದುವೆಯಾದಂದಿನಿಂದ ಬೆರಳಿನಿಂದ ಇಳಿಯದವು. ಎರಡೂ ಕಾಲಿಗೆ ಎರಡೆರಡು, ಹಳೇ ಕಾಲದ ಸುತ್ತು ಮೆಟ್ಟಿ, ಗಟ್ಟಿ ಬೆಳ್ಳಿ. ನರ್ಸ್ ಸೋಪು ಹಚ್ಚಿ ತಿರುಗಿಸಿ ತಿರುಗಿಸಿ ತೆಗೆದರು. ಸೆಲ್ವಿಗೆ ಎಚ್ಚರ ಇತ್ತು.

"ಜೋಪಾನ. ಅವ್ವನ ಅವ್ವಂದು" ಅಂದಳು ನನಗೆ.

ಅದೇ ಕೊನೆಯ ಮಾತೆಂದು ಆಮೇಲೆ ಗೊತ್ತಾಯಿತು. ಮೆಟ್ಟಿಗಳನ್ನು ಪುಟ್ಟ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟರು. ಸೈನ್ ಮಾಡಿದೆ. ಶರ್ಟಿನ ಜೇಬಿಗೆ ಹಾಕಿಕೊಂಡೆ.

ಎಲ್ಲರೂ ಅತ್ತರು. ನಾನು ಅಳಲಿಲ್ಲ. ಹಲ್ಲು ಕೀಳಿಸಿದ ಮೇಲೆ ತುಟಿ ಮರಗಟ್ಟಿರುತ್ತದಲ್ಲ — ಮುಟ್ಟಿದರೆ ಇದೆ, ಆದರೆ ನನ್ನದಲ್ಲ. ಹಾಗಿದೆ, ಇಡೀ ಮೈ.


ಜೂನ್ 16, ಭಾನುವಾರ

ಅಂಗಡಿ ತೆರೆದು ವಾರವಾಯ್ತು. ಕಾಯಿಲ್ ಸುತ್ತುತ್ತೇನೆ. ಊಟ ನನ್ನ ಒಡಹುಟ್ಟಿದ ಅಕ್ಕ ಕಾಳಿಯಮ್ಮಾಳ್ ಮನೆಯಿಂದ ಬರುತ್ತದೆ — ಹಿಂದಿನ ಬೀದಿಯೇ. ತಿನ್ನುತ್ತೇನೆ.

ಇವತ್ತು ಮೇಜಿನ ಮೇಲಿನ ಬಟ್ಟೆ ಸರಿಸಿದೆ. ಪಿ-38ರ ನಡುವಿನ ಗೂಡು ಮುಚ್ಚಿದೆ. ಎರಡು ಹೋಳೂ ಅಂಟಿ ಒಣಗಿವೆ. ಯಾವಾಗ ಅಂಟಿಸಿದೆ? ನೆನಪಿಲ್ಲ. ಅಕ್ಕನನ್ನು ಕೇಳಿದೆ.

"ಬೂದಿ ಬಿಟ್ಟು ಬಂದ ದಿವ್ಸ. ಮನೆ ತುಂಬಾ ಜನ, ನೀ ಆ ಮೂಲೇಲಿ ಕುಂತು ಅಂಟಿಸ್ತಾ ಇದ್ದೆ. ನೋಡ್ದೋರು ಏನೇನೋ ಅಂದ್ರು. ನಾನೇ ಸುಮ್ನಿರಿ ಅಂದೆ."

ಜೋಡಣೆ ನೋಡಿದರೆ ನಾಚಿಕೆಯಾಗುವಷ್ಟು ಚೆನ್ನಾಗಿದೆ. ಎಚ್ಚರ ಇದ್ದಾಗಲೂ ಇಷ್ಟು ಚೆನ್ನಾಗಿ ಮಾಡಿದವನಲ್ಲ. ಉಪ್ಪುಕಾಗದ ತೆಗೆದುಕೊಂಡು ಉಜ್ಜಲು ಕೂತೆ. ಸಂಜೆ ಆಯಿತು.


ಜೂನ್ 28, ಶುಕ್ರವಾರ

ಅತ್ತೆ ಬಂದರು, ನಿಲಕ್ಕೋಟ್ಟೈಯಿಂದ. ಸೆಲ್ವಿಯ ತಾಯಿ ರಾಜಮ್ಮಾಳ್. ತಮ್ಮದೇ ತೋಟದ ಮಲ್ಲಿಗೆ ಬುಟ್ಟಿ ತುಂಬ. ಫೋಟೋಗೆ ಹಾಕಿದರು, ಉಳಿದದ್ದು ಏನು ಮಾಡಬೇಕೆಂದು ತಿಳಿಯದೆ ಮಡಿಲಲ್ಲೇ ಇಟ್ಟುಕೊಂಡು ಕೂತರು.

"ಮಾಪ್ಳೆ, ಆಡಿ ಕಡೇ ವೆಳ್ಳಿ ಪೆಟ್ಟಿ ಕಟ್ಟಾಣ. ಕೂರೆ ಸೀರೆ ಐತೆ, ಬಳೆ ಐತೆ. ಮೆಟ್ಟಿ ಕೊಡಿ, ಹುಣ್ಸೆ ಪುಳಿ ಹಾಕಿ ತೊಳ್ದು ಇಕ್ತೀನಿ."

ನಮ್ಮಲ್ಲಿ ಕುಂಕುಮದ ಜೊತೆ ಹೋದವಳು ಮನೆಯ ಸಾಮಿ. ಮದುವೆಯ ಸೀರೆ, ಬಳೆ, ಮೆಟ್ಟಿ ತಾಳೆಗರಿಯ ಪೆಟ್ಟಿಯಲ್ಲಿಟ್ಟು ತೊಲೆಗೆ ತೂಗುಹಾಕುತ್ತಾರೆ. ವರ್ಷಕ್ಕೊಮ್ಮೆ ಆಡಿ ತಿಂಗಳ ಕಡೇ ವೆಳ್ಳಿ, ಅಂದರೆ ಕಡೇ ಶುಕ್ರವಾರ, ಇಳಿಸಿ ಪೂಜೆ. ಅವತ್ತು ಅವಳು ಮನೆಗೆ ಬಂದು ಹೋಗುತ್ತಾಳೆ. ಮೆಟ್ಟಿ ಇಲ್ಲದೆ ಪೆಟ್ಟಿ ಮುಚ್ಚಬಾರದು.

ಕೊಡುತ್ತೇನೆ ಅತ್ತೆ ಎಂದು ಎದ್ದೆ. ಬೀರು. ಸಾಮಿ ಗೂಡು. ಶರ್ಟುಗಳ ಜೇಬು. ಬ್ಯಾಂಕ್ ಫೈಲು. ಇಲ್ಲ. ಅತ್ತೆ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಜೋಪಾನ ಎಂದಿದ್ದಳು. ಅಷ್ಟನ್ನೂ ಮಾಡಲಿಲ್ಲ ನಾನು.


ಜುಲೈ 3, ಬುಧವಾರ

ಆಸ್ಪತ್ರೆಗೆ ಫೋನು. ಪಾಪ, ಹುಡುಕಿ ಹೇಳಿದರು — ನಿಮ್ಮ ಕೈಗೇ ಕೊಟ್ಟಿದ್ದೇವೆ ಸಾರ್.

ಆವತ್ತಿನ ಶರ್ಟು ಒಗೆದದ್ದು ಅಕ್ಕ. ಅತ್ತೆಗೆ ಇದು ಯಾರೋ ಹೇಳಿದ್ದಾರೆ. ಇವತ್ತು ಬಂದವರೇ ಅಂಗಳದಲ್ಲಿ ಕೇಳಿಬಿಟ್ಟರು.

"ಕಾಳಿಯಮ್ಮಾ, ಶರ್ಟು ಜೋಬಿಲಿ ಏನಾರ ಸಿಕ್ತಾ? ಸಿಕ್ಕಿದ್ರೆ ಕೊಟ್ಬುಡು. ನಾ ಏನೂ ಅನ್ನಲ್ಲ."

"ಏನೂ ಅನ್ನಲ್ವಾ? ಇದಕ್ಕಿಂತ ಇನ್ನೇನ್ ಅನ್ಬೇಕು ನೀವು? ಸತ್ತೋಳ ಕಾಲಿಂದು ನಂಗ್ಯಾಕೆ? ಅವಳ ಕಾಲಿಗೆ ಅರಿಸ್ನ ಹಚ್ಚಿದ್ದು ಈ ಕೈ."

ಅಕ್ಕ ನನ್ನ ಕಡೆ ನೋಡಿದಳು. ತಮ್ಮ ಒಂದು ಮಾತು ಆಡಲಿ ಎಂದು. ನಾನು ಇಬ್ಬರ ನಡುವೆ ನಿಂತು ಬಾವಿಯ ಗಾಲಿ ನೋಡುತ್ತಿದ್ದೆ. ಎಣ್ಣೆ ಹಾಕಬೇಕು ಎಂದು ಯೋಚಿಸುತ್ತಿದ್ದೆ. ದೇವರಾಣೆ, ಅದನ್ನೇ.

ಮಧ್ಯಾಹ್ನ ಊಟದ ಕ್ಯಾರಿಯರ್ ಬರಲಿಲ್ಲ.


ಜುಲೈ 14, ಭಾನುವಾರ

ಕ್ಯಾರಿಯರ್ ಬರುವುದು ನಿಂತೇಹೋಯಿತು. ಅಕ್ಕ ಎದುರು ಸಿಕ್ಕರೆ ಸೆರಗು ಸರಿಮಾಡಿಕೊಂಡು ಪಕ್ಕದ ಸಂದಿಗೆ ತಿರುಗುತ್ತಾಳೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವಳು.

ಅಭಿ ಬಂದಿದ್ದಾಳೆ. ಮನೆಮಾತು ಅವಳಿಗೆ ತಿಳಿಯುತ್ತದೆ, ನಾಲಗೆಗೆ ತಮಿಳೇ ಬರುತ್ತದೆ. ಹೊಸದು ಕೊಂಡು ಇಟ್ಟುಬಿಡೋಣ ಎಂಬುದು ಅವಳ ಉಪಾಯ.

"ಪುದುಸಾ ವಾಂಗಿಡಲಾಂಪ್ಪಾ. ಅಜ್ಜಿಗೆ ಗೊತ್ತಾಗಲ್ಲ."

ಕೈಯಲ್ಲಿ ಹಿಡಿದರೆ ಸಾಕು, ಅತ್ತೆಗೆ ಗೊತ್ತಾಗುತ್ತದೆ. ಈಗಿನ ಮೆಟ್ಟಿ ತಗಡು. ಅವು ಹಾಗಲ್ಲ, ಸೀಸದ ಹಾಗೆ ತೂಗುತ್ತಿದ್ದವು.

ರೆಕ್ಕೆ ಕೂರಿಸಿದೆ. ಬಾಲ ಕೂರಿಸಿದೆ. ಬೆಳ್ಳಿ ಬಣ್ಣ ಸ್ಪ್ರೇ ಮಾಡಿದೆ. ಅಭಿ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

"ಅಪ್ಪಾ, ಒರು ತಡವೆ ಅಳುದುಡುಂಗ."

ಒಂದು ಸಲ ಅತ್ತುಬಿಡಿ ಅಂತ. ಬರಲ್ಲ ಕಣಮ್ಮಾ ಅಂದೆ. ಅವಳು ಒಳಗೆ ಹೋದಳು. ಅವಳೇ ಅತ್ತಳು, ಕೇಳಿಸಿತು.


ಆಗಸ್ಟ್ 4, ಭಾನುವಾರ. ಬೆಳಗ್ಗೆ

ಪ್ರೊಪೆಲ್ಲರ್ ಎರಡೂ ಹಾಕಿದೆ. ಬೆರಳು ತಾಗಿದರೆ ತಿರುಗುತ್ತವೆ. ಚಕ್ರದ ಕಾಲುಗಳ ಅಂಟು ಒಣಗಿದೆ.

ಮೇಜಿನ ಮೇಲೆ ನಿಲ್ಲಿಸಿದೆ.

ನಿಂತಿತು. ಮೂರೂ ಚಕ್ರದ ಮೇಲೆ, ಮೂಗು ಕೆಳಗೆ, ಸರಿಯಾಗಿ. ಸದ್ಯ ಅಂದುಕೊಂಡೆ. ಬಾಲವನ್ನು ಬೆರಳಿನಿಂದ ಒತ್ತಿ ಬಿಟ್ಟೆ. ಮತ್ತೆ ಮುಂದಕ್ಕೇ ಬಂದು ನಿಂತಿತು. ಅಡುಗೆಮನೆ ಕಡೆ ತಿರುಗಿ ಇಕ್ಕಿದೀನಿ ಕಣೇ ಅನ್ನಬೇಕು, ಬಾಯಿ ತೆರೆದೂ ಆಗಿತ್ತು.

ಆಗ ಹೊಳೆಯಿತು. ಇಕ್ಕಿದೆನಾ? ಯಾವಾಗ?

ಡ್ರಾಯರ್ ಎಳೆದೆ. ಈಯಗುಂಡಿನ ಪ್ಯಾಕೆಟ್ ಅಲ್ಲೇ ಇದೆ. ಮೇಲಿನ ಪಿನ್ ಕೂಡ ಬಿಚ್ಚಿಲ್ಲ. ಪಕ್ಕದಲ್ಲಿ, ಗುಂಡು ಅಲುಗದಂತೆ ಒತ್ತಲು ಬಳಸುವ ಮಕ್ಕಳ ಕ್ಲೇ — ಅದರಲ್ಲಿ ಒಂದು ಉಂಡೆಯಷ್ಟು ಕಡಿಮೆ. ಅದರ ಕೆಳಗೆ ಪುಟ್ಟ ಪ್ಲಾಸ್ಟಿಕ್ ಕವರು. ಆಸ್ಪತ್ರೆಯದು. ಖಾಲಿ.

ಹಾಗಾದರೆ ಮೂಗಿನೊಳಗೆ ಇರುವುದು ಗುಂಡಲ್ಲ.

ಬೂದಿ ಬಿಟ್ಟು ಬಂದ ದಿನ. ಜೇಬಿನಲ್ಲಿ ಭಾರವಾದದ್ದು ಇತ್ತು. ಮುಂದೆ ಖಾಲಿ ಮೂಗು ಇತ್ತು. ಎಷ್ಟೋ ವರ್ಷದಿಂದ ಕೈ ಕಲಿತದ್ದು ಅಷ್ಟೇ — ಮುಚ್ಚುವ ಮೊದಲು ಭಾರ ಹಾಕು. ಹಾಕಿತು. ಮುಚ್ಚಿತು. ನನಗೆ ಹೇಳಲಿಲ್ಲ.


ಆಗಸ್ಟ್ 6, ಮಂಗಳವಾರ

ಅಕ್ಕನ ಮನೆಗೆ ಹೋದೆ. ಅಕ್ಕಿ ಕೇರುತ್ತಿದ್ದಳು. ತಲೆ ಎತ್ತಲಿಲ್ಲ.

"ಮೆಟ್ಟಿ ಸಿಕ್ತು ಅಕ್ಕಾ. ವಿಮಾನದೊಳಗೆ ಐತೆ. ನಾನೇ ಇಕ್ಕಿ ಅಂಟಿಸ್ಬುಟ್ಟೆ."

ಮೊರ ನಿಂತಿತು. ನನ್ನ ಮುಖ ನೋಡಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಆವತ್ತು ಅಂಗಳದಲ್ಲಿ ಒಂದು ಮಾತು ಆಡ್ಲಿಲ್ವಲ್ಲೋ ಮುತ್ತು" ಅಂದಳು. ಆಮೇಲೆ ಎದ್ದು ತಟ್ಟೆ ಹಾಕಿದಳು.

ತಿಂದು ಬಂದೆ. ಒಡೆಯಲಿಲ್ಲ ಇನ್ನೂ. ಅವಳ ವಿಮಾನ. ಇಷ್ಟು ಚೆನ್ನಾಗಿ ಯಾವುದೂ ಬಂದಿರಲಿಲ್ಲ. ಒಳಗೆ ಅವಳ ಭಾರ ಇಟ್ಟುಕೊಂಡು ಅದು ನಿಂತಿದೆ. ಹಾಗೇ ನಿಂತಿರಲಿ ಅನ್ನಿಸುತ್ತದೆ. ತಿಂಗಳುಗಟ್ಟಲೆ ಆದ ಮೇಲೆ ಮೊದಲ ಸಲ ಏನೋ ಬೇಕು ಅನ್ನಿಸುತ್ತಿದೆ, ಅದೂ ಇದೇ.


ಆಗಸ್ಟ್ 16, ಶುಕ್ರವಾರ. ಮಧ್ಯಾಹ್ನ

ಆಡಿ ಕಡೇ ವೆಳ್ಳಿ. ಅತ್ತೆ ಬೆಳಗ್ಗೆಯೇ ಬಂದರು. ಅಭಿ, ಅಕ್ಕ ಇಬ್ಬರೂ ಇದ್ದರು. ಹೇಳಿದೆ. ವಿಮಾನವನ್ನು ಕೈಗೆ ಕೊಟ್ಟೆ. ಅತ್ತೆ ತೂಗಿ ನೋಡಿದರು.

"ಇದ್ರೊಳಗಾ?"

"ಹೂಂ."

"ಒಡೀದೆ ತೆಗ್ಯಕ್ಕಾಗಲ್ವಾ ಮಾಪ್ಳೆ?"

ಆಗಲ್ಲ ಅಂದೆ. ಹೀಗೇ ಪೆಟ್ಟಿಯಲ್ಲಿ ಇಟ್ಟುಬಿಡೋಣವಾ ಎಂದೂ ಕೇಳಿದೆ, ಅವಳಿಗೆ ಇಷ್ಟವಾದದ್ದು ತಾನೆ.  ಅತ್ತೆ ಪ್ರೊಪೆಲ್ಲರನ್ನು ಬೆರಳಲ್ಲಿ ಒಮ್ಮೆ ತಿರುಗಿಸಿದರು.

"ಇಷ್ಟ ಅಂತ ಗೊತ್ತು. ನಂಗೂ ಹೇಳವ್ಳೆ, ರೇಕ್ಲಾ ವಂಡಿ ಅಂತ. ಆದ್ರೆ ಇವತ್ತು ಅವ್ಳು ನಡ್ದು ಬರೋದು ಮಾಪ್ಳೆ. ಹಾರಿ ಬರಲ್ಲ. ಕಾಲು ಬರೀದಾಗಿರಬಾರ್ದು."

ಸಣ್ಣ ಗರಗಸ ತಂದೆ. ಅಂಟಿಸಿದ ಗೆರೆಯ ಮೇಲೆಯೇ ಕೊಯ್ದೆ. ಬೆಳ್ಳಿ ಬಣ್ಣ ಪುಡಿಯಾಗಿ ಬಿತ್ತು. ಮೂಗು ಬಿಚ್ಚಿಕೊಂಡಿತು. ಒಳಗೆ ಕ್ಲೇ ಉಂಡೆ, ಅದರ ಮೇಲೆ ನನ್ನ ಹೆಬ್ಬೆರಳಿನ ಗುರುತು. ಬಿಡಿಸಿದೆ. ನಾಲ್ಕೂ ಇದ್ದವು. ಜೋಪಾನವಾಗಿಯೇ ಇದ್ದವು, ಒಂದಕ್ಕೊಂದು ತಾಗದಂತೆ.

ಅತ್ತೆ ಪುಳಿ ಹಾಕಿ ತೊಳೆದರು, ಅರಿಶಿನದ ನೀರಿನಲ್ಲಿ ಅದ್ದಿದರು. ಅಕ್ಕನನ್ನು ಕರೆದು ಅವಳ ಕೈಯಿಂದಲೇ ಪೆಟ್ಟಿಯಲ್ಲಿ ಇಡಿಸಿದರು. "ಮನ್ಸಲ್ಲಿ ಇಕ್ಕೋಬೇಡ ಕಾಳಿಯಮ್ಮಾ" ಅಂದರು. ಅಕ್ಕ ಪೆಟ್ಟಿಯೊಳಗಿನ ಸೀರೆಯ ಅಂಚು ಸರಿಮಾಡಿದಳು. ಪೆಟ್ಟಿ ತೊಲೆಗೆ ಏರಿತು.

ಈಗ ಮೂವರೂ ಅಡುಗೆಮನೆಯಲ್ಲಿ. ಪಾತ್ರೆಯ ಸದ್ದು, ಮಾತು. ನಾನು ಮೇಜಿನ ಹತ್ತಿರ. ಮೂಗಿನ ಚೂರನ್ನು ಟೇಪು ಹಾಕಿ ಸಿಕ್ಕಿಸಿ, ಚಕ್ರದ ಮೇಲೆ ನಿಲ್ಲಿಸಿದೆ. ಟಕ್ ಎಂದು ಬಾಲ ಕೆಳಗೆ ಬಿತ್ತು. ಮೂಗು ಮೇಲೆ. ಮುಂಗಾಲು ಗಾಳಿಯಲ್ಲಿ.

ಒತ್ತಿ ಹಿಡಿದೆ. ಬಿಟ್ಟೆ. ಮತ್ತೆ ಬಿತ್ತು.

ಗುಂಡಿನ ಪ್ಯಾಕೆಟ್ ಎದುರಿಗೇ ಇದೆ. ಪಿನ್ ಬಿಚ್ಚಿದ್ದೇನೆ. ತುಂಬಿದರೆ ನಿಲ್ಲುತ್ತದೆ, ಗೊತ್ತು. ಕೈ ಹೋಗುತ್ತಿಲ್ಲ. ಕಣ್ಣು ಮಂಜಾಗಿದೆ, ಸಾಲು ಸೊಟ್ಟ ಹೋಗುತ್ತಿದೆ. ಅಡುಗೆಮನೆಯ ಕಡೆ ಕಿವಿ ಇಟ್ಟು ಕೂತಿದ್ದೇನೆ. ಯಾರಾದರೂ ಕೇಳಲಿ. ಒಂದೇ ಒಂದು ಸಲ. ಮೂಗಿಗೆ ಗುಂಡು