ಕೊಸರು ಕೊಡುವ ಕೈ

ಅಂಗಡಿಯಿಂದ,
ಶುಕ್ರವಾರ ಮಧ್ಯಾಹ್ನ, ತಾರೀಖು ಹತ್ತೊಂಬತ್ತು

ಪ್ರೀತಿಯ ಅಕ್ಕಾ,

ಹೇಗಿದ್ದೀಯೆ? ಕೆಮ್ಮು ಕಡಿಮೆಯಾಯಿತೋ, ಇಲ್ಲ ಮೊಮ್ಮಕ್ಕಳ ಹಿಂದೆ ಓಡುವ ಗಡಿಬಿಡಿಯಲ್ಲಿ ಕೆಮ್ಮುವುದಕ್ಕೂ ಪುರಸೊತ್ತಿಲ್ಲವೋ? ಅವಳಿ ಮಕ್ಕಳನ್ನು ನೋಡಿಕೊಳ್ಳುವುದಕ್ಕಿಂತ ಎರಡು ಬಟ್ಟೆ ಅಂಗಡಿ ನಡೆಸುವುದು ವಾಸಿ ಎಂದು ನೀನು ಬರೆದದ್ದನ್ನು ಓದಿ ನಕ್ಕೆ. ಬಹಳ ದಿನದ ಮೇಲೆ ನಕ್ಕದ್ದು ಅವತ್ತೇ. ನನ್ನ ಆರೋಗ್ಯಕ್ಕೇನೂ ಆಗಿಲ್ಲ, ಸುಸ್ತು ಅಷ್ಟೆ. ಊಟ ಸೇರುತ್ತದೆ, ನಿದ್ದೆಯೂ ಬರುತ್ತದೆ, ಆದರೆ ಎದ್ದಾಗ ಮಲಗಿಯೇ ಇರಲಿಲ್ಲವೇನೋ ಅನ್ನಿಸುತ್ತದೆ. ಎರಡು ತಿಂಗಳಿಂದ ಕಾಗದ ಬರೆಯಲಿಲ್ಲವೆಂದು ಬೈಯಬೇಡ. ಕಾರಣ ನಮ್ಮ ಟೇಪು.

ಅಂಗಡಿಯ ಮೂಲೆಯಲ್ಲಿ ಮೂವತ್ತು ವರ್ಷದಿಂದ ಮಿಷನ್ ಹಾಕಿಕೊಂಡಿರುವ ದರ್ಜಿಗೆ ಆ ಹೆಸರಿಟ್ಟವಳು ನೀನೇ ಅಲ್ಲವೇ, ಕೊರಳಲ್ಲಿ ಅಳತೆ ಟೇಪು ಇಲ್ಲದೆ ಇವನು ಊಟಕ್ಕೂ ಕೂರುವುದಿಲ್ಲ ಎಂದು? ಮೇಲಿನ ಸಾಲಿನಿಂದ ಒಂದು ಬಟ್ಟೆ ಥಾನು ಇಳಿಸಿಕೊಡು ಎಂದು ನಾನು ಅವನನ್ನು ಏಣಿ ಹತ್ತಿಸಿ, ಅವನು ಬಿದ್ದು ಬೆನ್ನುಮೂಳೆ ಮುರಿದುಕೊಂಡಾಗ ನೀನೂ ಇಲ್ಲೇ ಇದ್ದೆ. ನೀನು ಮಗಳ ಮನೆಗೆ ಹೊರಟ ಮೇಲೆ ಆದದ್ದು ನಿನಗೆ ಗೊತ್ತಿಲ್ಲ. ಆಪರೇಷನ್ನಿನ ನೋವಿಗೆಂದು ಒಂದು ತಿಂಗಳ ಮಟ್ಟಿಗೆ ಬರೆದುಕೊಟ್ಟ ಮಾತ್ರೆಯನ್ನು ಅವನು ವರ್ಷವಾದರೂ ಬಿಟ್ಟಿರಲಿಲ್ಲ. ಒಬ್ಬ ಡಾಕ್ಟರು ಬೇಡ ಎಂದರೆ ಇನ್ನೊಬ್ಬರ ಹತ್ತಿರ, ಈ ಬೀದಿಯ ಔಷಧಿ ಅಂಗಡಿಯಲ್ಲಿ ಮುಖ ಗುರುತು ಹಿಡಿದರೆ ಆ ಬೀದಿಯಲ್ಲಿ. ನಾನು ಪಕ್ಕದಲ್ಲೇ ಕೂತು ಏನೂ ಕಾಣದ ಕುರುಡ. ಒಂದು ಷರ್ಟಿಗೆ ಎರಡೂ ಎಡಗೈ ತೋಳು ಹೊಲಿದಿಟ್ಟ, ವಯಸ್ಸಾಯಿತು ಎಂದುಕೊಂಡೆ. ಪೆಡಲ್ ತುಳಿಯುತ್ತಲೇ ತೂಕಡಿಸಿದ, ರಾತ್ರಿ ನಿದ್ದೆಗೆಟ್ಟಿರಬೇಕು ಎಂದುಕೊಂಡೆ. ಒಂದು ದಿನ ಸೂಜಿ ಅವನ ಬೆರಳಿನ ಈ ಕಡೆಯಿಂದ ಆ ಕಡೆಗೆ ಹೋಗಿತ್ತು, ಅವನು ಅದನ್ನು ನೋಡುತ್ತಾ ಸುಮ್ಮನೆ ಕೂತಿದ್ದ. ಪಟ್ಟಿ ಕಟ್ಟಲು ಬಟ್ಟೆಚೂರು ಹುಡುಕುತ್ತಾ ಮಿಷನ್ನಿನ ಡ್ರಾಯರು ಎಳೆದರೆ ಬಾಬಿನ್ನುಗಳ ಕೆಳಗೆಲ್ಲ ಖಾಲಿ ಮಾತ್ರೆ ಪಟ್ಟಿಗಳು.

ಕೂಗಾಡಿದೆ. ಅವನೂ ಕೂಗಾಡಿದ, ಆಮೇಲೆ ಅತ್ತ. ಕೊನೆಗೆ ಇಂಥ ಚಟ ಬಿಡಿಸುವ ಡಾಕ್ಟರಮ್ಮ ಒಬ್ಬರಿದ್ದಾರೆಂದು ತಿಳಿದು ಕರೆದುಕೊಂಡು ಹೋದೆ. ಆಯಮ್ಮ ಅವನನ್ನು ಒಂದು ಮಾತೂ ಬೈಯಲಿಲ್ಲ. ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಕಷ್ಟ, ಸ್ವಲ್ಪಸ್ವಲ್ಪವೇ ಇಳಿಸಬೇಕು, ಆದರೆ ಮಾತ್ರೆ ಅವನ ಕೈಯಲ್ಲಿ ಇರಕೂಡದು, ಬೇರೆಯವರು ಇಟ್ಟುಕೊಂಡು ಹೊತ್ತುಹೊತ್ತಿಗೆ ಕೊಡಬೇಕು ಎಂದರು. ಹೆಂಡತಿ ಹೋದ ಮೇಲೆ ಅವನ ಮನೆಯಲ್ಲಿ ಮಾತಾಡಿಸುವುದಕ್ಕೂ ಒಂದು ನರಪಿಳ್ಳೆಯಿಲ್ಲ. ಹಾಗಾಗಿ ಮಾತ್ರೆ ನನ್ನ ಗಲ್ಲಾದಲ್ಲಿ, ಬೀಗದ ಕೈ ನನ್ನ ಜೇಬಿನಲ್ಲಿ.

ಅಂದಿನಿಂದ ನಾನೂ ಅವನ ಜೊತೆ ಕಟ್ಟಿಹಾಕಿದ ಎತ್ತಾಗಿದ್ದೇನೆ. ಒಂದು ದಿನವೂ ಪೂರ್ತಿ ಬಾಗಿಲು ಹಾಕಿಲ್ಲ, ಡಾಕ್ಟರಮ್ಮನ ಹತ್ತಿರ ಬಿಟ್ಟರೆ ಎಲ್ಲಿಗೂ ಹೋಗಿಲ್ಲ. ಮೊದಲು ಒಂಬತ್ತಕ್ಕೆ ಬರುತ್ತಿದ್ದವನು ಎಂಟಕ್ಕೆ ಬರತೊಡಗಿದ, ಆಮೇಲೆ ನಾನು ಷಟರ್ ಎತ್ತುವ ಮೊದಲೇ ಮೆಟ್ಟಿಲ ಮೇಲೆ ಇರುತ್ತಿದ್ದ. ಸುಮ್ಮನೆ ಬೆವರುತ್ತಾನೆ, ಮೂಗು ಸೋರುತ್ತದೆ, ಮೇಲಿಂದ ಮೇಲೆ ಆಕಳಿಕೆ, ಕಾಲು ಒಂದು ಕಡೆ ನಿಲ್ಲುವುದಿಲ್ಲ. ಗಿರಾಕಿಗಳ ಎದುರಿಗೇ "ಇವತ್ತೊಂದಿನ ಕೊಟ್ಬಿಡೋ, ನಾಳೆಯಿಂದ ಕೇಳಲ್ಲ" ಎಂದು ಗೋಗರೆಯುತ್ತಾನೆ. ಕೊಡದಿದ್ದರೆ ನನ್ನ ಏಳು ತಲೆಮಾರನ್ನೂ ಬಿಡುವುದಿಲ್ಲ. ಆದರೂ ಹಲ್ಲು ಕಚ್ಚಿಕೊಂಡು, ದಿನಕ್ಕೆ ಎಂಟು ನುಂಗುತ್ತಿದ್ದವನನ್ನು ಮೂರಕ್ಕೆ ತಂದಿದ್ದೆವು. ಗುಂಡಿಯ ಕಾಜಾ ಮತ್ತೆ ನೆಟ್ಟಗೆ ಹೊಲಿಯತೊಡಗಿದ್ದ. ಒಂದು ದಿನ ನನ್ನ ಕಾಲರಿನ ಹೊಲಿಗೆ ಬಿಚ್ಚಿದ್ದನ್ನು ತಾನೇ ನೋಡಿ, "ಬಟ್ಟೆ ಅಂಗಡಿಯವನಾಗಿ ನಾಚಿಕೆ ಆಗಲ್ವಾ" ಎಂದು ಬೈದು ಸರಿಮಾಡಿಕೊಟ್ಟ. ಅವತ್ತು ಎಷ್ಟು ಖುಷಿಯಾಯಿತೆಂದರೆ, ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ.

ಮೂರಕ್ಕೆ ಇಳಿದ ಮೇಲೆ ಕಷ್ಟ ಹೆಚ್ಚಾಯಿತು. ಹತ್ತು ಹನ್ನೊಂದು ದಿನದ ಹಿಂದೆ ಗಲ್ಲಾದ ಮೇಲೆ ಎರಡೂ ಕೈಯೂರಿ, ಮೆಲ್ಲಗೆ, "ನಾನ್ ಬಿದ್ದಿದ್ದು ಯಾರ ಏಣಿಯಿಂದ?" ಎಂದು ಕೇಳಿದ. ಅದುವರೆಗೆ ಒಂದು ಸಲವೂ ಆ ಮಾತು ತೆಗೆದವನಲ್ಲ. ನಾನು ಅಳೆದಿಟ್ಟ ಬಟ್ಟೆಯನ್ನೇ ಮತ್ತೆ ಅಳೆಯತೊಡಗಿದೆ.

ಈಗ ನೋಡು, ಹದಿನಾಲ್ಕು ದಿನಕ್ಕೆಂದು ಬರೆದುಕೊಟ್ಟ ಮಾತ್ರೆ ಹನ್ನೊಂದನೇ ದಿನಕ್ಕೇ ಮುಗಿದುಹೋಯಿತು. ನಿನ್ನೆ ಇಬ್ಬರೂ ಡಾಕ್ಟರಮ್ಮನ ಮುಂದೆ ಹೋಗಿ ನಿಂತೆವು. ಮೂರು ದಿನದ ಮಾತ್ರೆ ಏನಾಯಿತು ಎಂದು ಅವನನ್ನೇ ಕೇಳಿದರು. ಅವನು ನೆಲ ನೋಡುತ್ತಾ, "ನಂದೇ ತಪ್ಪು" ಅಂದ. ಮೊದಲ ಸಲ ಅವರ ದನಿ ಏರಿತು. ಸೋಮವಾರದವರೆಗೆ ಸಾಲುವಷ್ಟು ಮಾತ್ರ ಬರೆದುಕೊಟ್ಟರು. ಕದ್ದು ತಿನ್ನುವವನನ್ನು ಹೊರಗಿಟ್ಟು ಔಷಧಿ ಕೊಡಲಾಗುವುದಿಲ್ಲ, ಸೋಮವಾರ ಆಸ್ಪತ್ರೆಗೆ ಸೇರಿಸುತ್ತೇನೆ, ಬಾಗಿಲು ಹಾಕಿದ ವಾರ್ಡಿನಲ್ಲಿ ಇರಬೇಕಾಗುತ್ತದೆ ಎಂದರು. ಆ ವಾರ್ಡಿನ ಮಾತನ್ನು ಡಾಕ್ಟರಮ್ಮ ಆರಂಭದಲ್ಲೂ ಎತ್ತಿದ್ದರು, ಅವನಿಗೆ ಅದೆಂದರೆ ಭಯ. ಅಲ್ಲಿಗೆ ಹಾಕಿದರೆ ಓಡಿಹೋಗುತ್ತೇನೆ, ಮತ್ತೆ ಹಳೇ ದಾರಿಯೇ ನನಗೆ ಗತಿ ಎಂದು ಮೊದಲೇ ಹೇಳಿದ್ದಾನೆ, ಹೇಳಿದಂತೆ ಮಾಡುವವನೇ. ಹೊರಡುವಾಗ ಡಾಕ್ಟರಮ್ಮ ನನ್ನ ಕಡೆ ತಿರುಗಿ, "ನಿಮ್ಮಂಥ ಸ್ನೇಹಿತ ಇರೋದು ಇವರ ಪುಣ್ಯ" ಎಂದರು. ಬಸ್ಸಿನಲ್ಲಿ ಬರುವಾಗ ಅವನು ಕಿಟಕಿ ಕಡೆ ಮುಖ ಮಾಡಿ ಕೂತಿದ್ದ, ನಾನು ಟಿಕೆಟ್ಟನ್ನು ಮಡಿಸುತ್ತಾ ಬಿಚ್ಚುತ್ತಾ ಕೂತಿದ್ದೆ.

ಸಾಕು, ನಿನಗೂ ಬೇಜಾರು ಹಿಡಿಸಿದೆ. ಮಕ್ಕಳಿಬ್ಬರಿಗೂ ನನ್ನ ಮುತ್ತು ಕೊಡು, ಯಾರಿಗೆ ಎರಡು ಸಲ ಬಿತ್ತು ಎಂದು ಜಗಳವಾಗದ ಹಾಗೆ ಕೊಡು. ಮಗಳು ಅಳಿಯ ಚೆನ್ನಾಗಿರಲಿ. ತಣ್ಣೀರು ಕುಡಿಯಬೇಡ.

ನಿನ್ನ ಆಶೀರ್ವಾದ ಬೇಡುವ,
ತಮ್ಮ

ಮರೆತ ಮಾತು: ಮರೆತೆ ಎನ್ನುವುದು ಸುಳ್ಳು, ಇಷ್ಟುದ್ದ ಬರೆದದ್ದೇ ಇದನ್ನು ತಪ್ಪಿಸಿಕೊಳ್ಳಲಿಕ್ಕೆ. ಅಕ್ಕಾ, ಮಾತ್ರೆ ಅವನು ಕದಿಯಲಿಲ್ಲ. ನಾನೇ ಕೊಟ್ಟೆ. ಅವನು ಏಣಿಯ ಮಾತು ತೆಗೆದಂದಿನಿಂದ ಬೆಳಿಗ್ಗೆ ಅರ್ಧ, ಸಂಜೆ ಅರ್ಧ, ಲೆಕ್ಕಕ್ಕಿಂತ ಹೆಚ್ಚಿಗೆ. ನನ್ನ ಕೈ ನಿನಗೆ ಗೊತ್ತಲ್ಲ, ಎರಡು ಮೀಟರು ಅಳೆದರೆ ನಾಲ್ಕು ಬೆರಳು ಕೊಸರು ಬಿಡದೆ ಕತ್ತರಿ ಹಾಕಿದವನಲ್ಲ, ಎದುರಿಗಿರುವವರ ಮುಖ ಸಪ್ಪಗಾದರೆ ತಡೆಯಲಾರೆ. ಅದೇ ಕೈಯಿಂದ ಅವನ ಮಾತ್ರೆಯನ್ನೂ ಅಳೆದೆ. ಡಾಕ್ಟರಮ್ಮ ಬೈಯುವಾಗ ಅವನು ಒಮ್ಮೆ ನನ್ನ ಮುಖ ನೋಡಿ ತಲೆ ತಗ್ಗಿಸಿದ, ನಾನು ಬಾಯಿ ಬಿಡಲಿಲ್ಲ. ಸೋಮವಾರ ಹೋಗಿ ಎಲ್ಲ ಒಪ್ಪಿಕೊಳ್ಳುತ್ತೇನೆ. ಆದರೆ ಆಮೇಲೆ ಬೀಗದ ಕೈ ನನ್ನ ಹತ್ತಿರ ಇರಬಾರದು, ಇನ್ಯಾರ ಹತ್ತಿರ ಎಂದು ಅವರು ಕೇಳಿದರೆ ಹೇಳಲು ನನಗೊಂದು ಹೆಸರು ಬೇಕು. ನೀನು ಗಲ್ಲಾದಲ್ಲಿ ಕೂತಷ್ಟು ವರ್ಷ ಯಾರಿಗೂ ಒಂದೆಳೆ ನೂಲು ಹೆಚ್ಚಿಗೆ ಕೊಟ್ಟವಳಲ್ಲ, ಜಿಪುಣಿ ಎಂದು ನಿನ್ನನ್ನು ಎಲ್ಲರಿಗಿಂತ ಹೆಚ್ಚಾಗಿ ಆಡಿಕೊಂಡವನು ನಾನೇ. ಮಗಳಿಗೆ ಏನಾದರೂ ಹೇಳಿ ಎರಡು ತಿಂಗಳ ಮಟ್ಟಿಗೆ ಬಾ. ನಿನಗೆ ಬರೆಯುತ್ತೇನೆಂದು ಬೆಳಿಗ್ಗೆಯೇ ಟೇಪುವಿಗೆ ಹೇಳಿದೆ. "ಅಕ್ಕ ಬಂದ್ರೆ ನನ್ ಕಥೆ ಮುಗೀತು" ಅಂದ. ಬಾಬಿನ್ನಿಗೆ ದಾರ ಸುತ್ತಿ ಮಿಷನ್ನಿಗೆ ಹಾಕಿದ. ಆಮೇಲೆ ತಲೆಯೆತ್ತದೆ, "ಬೇಗ ಬರೋಕ್ ಹೇಳು" ಅಂದ.