ನಿನ್ನ ಮಗನಿಗೆ ಇವತ್ತು ಹೇಳಿದೆ

ಅಣ್ಣಾ,

ನೀನು ಓದುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಿನ್ನನ್ನು ಬಲಿ ತೆಗೆದುಕೊಂಡ ವೃಷಣದ ಕ್ಯಾನ್ಸರ್ ನನಗೂ ಬಂದಿತ್ತು. ಸ್ನಾನ ಮಾಡುವಾಗ ಗಂಟು ಕೈಗೆ ಸಿಕ್ಕಿದ ದಿನವೇ ಅತ್ತಿಗೆಗೆ ಹೇಳಿಬಿಟ್ಟೆ. ಅವರೇ ಆಸ್ಪತ್ರೆಗೆ ಎಳೆದುಕೊಂಡು ಹೋದರು. ಮೊದಲು ಆಪರೇಷನ್, ಆಮೇಲೆ ಕೀಮೋ. ಎರಡೂ ಸೇರಿ ಕೆಲಸ ಮಾಡಿವೆ, ಸ್ಕ್ಯಾನ್‌ನಲ್ಲಿ ಏನೂ ಉಳಿದಿಲ್ಲ ಎಂದು ಡಾಕ್ಟರ್ ಮೊನ್ನೆ ಹೇಳಿದರು. ತಲೆಗೂದಲು ಮತ್ತೆ ಬರುತ್ತಿದೆ, ಈ ಸಲ ಗುಂಗುರಾಗಿ.

ಇವತ್ತು ನಿನ್ನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸ್ನಾನ ಮಾಡುವಾಗ ಏನು ನೋಡಿಕೊಳ್ಳಬೇಕು ಎಂದು ಹೇಳಿಕೊಟ್ಟೆ. ಅವನ ಕಿವಿ ಕೆಂಪಾಯಿತು. ನನ್ನದೂ ಆಗಿರಬೇಕು.

"ಅಪ್ಪಂಗೆ ಮೊದಲೇ ಗೊತ್ತಿತ್ತಾ ಚಿಕ್ಕಪ್ಪ?"

"ಗೊತ್ತಿತ್ತು ಕಣೋ. ಹೇಳೋಕೆ ಸಂಕೋಚ."

"ಅಮ್ಮಂಗೂ ಹೇಳ್ಲಿಲ್ವಾ?"

"ಅಮ್ಮಂಗೂ ಹೇಳ್ಲಿಲ್ಲ."

ಅವನು ಉಗುರು ಕಚ್ಚಿದ. "ನಂಗೇನಾದ್ರೂ ಆದ್ರೆ ಅಮ್ಮಂಗೆ ಹೇಳ್ಬಹುದಾ? ಹೆದರ್ಕೊಳ್ಳಲ್ವಾ?"

"ಅಮ್ಮಂಗೇ ಮೊದಲು ಹೇಳು."

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಅತ್ತಿಗೆ ನಲ್ಲಿ ನಿಲ್ಲಿಸಿದರು. ಆಮೇಲೆ ಒದ್ದೆ ಕೈಯಲ್ಲೇ ಬಂದು ಅವನ ಪಕ್ಕ ಕೂತರು. ಜಾಗ ಸಾಲಲಿಲ್ಲ. ನಾನು ಸ್ವಲ್ಪ ಸರಿದೆ.