ಓನರ್ ಆಂಟಿ ಕೇಳಿದ್ರೆ

ಗಗನಾ,

ಬಾಣಲೇಲಿ ಚಿತ್ರಾನ್ನ ಇದೆ, ತಿನ್ನು. ಸ್ನಾನ ಆದ್ಮೇಲೆ ಗೀಸರ್ ಆರಿಸು, ದಿನಾ ಹೇಳಿಸ್ಕೋಬೇಡ. ಯಾವ ಮುಖ ಇಟ್ಕೊಂಡು ನಿನ್ನ ಎಬ್ಬಿಸ್ಲಿ ಅಂತ ಬರೆದಿಟ್ಟು ಹೋಗ್ತಾ ಇದೀನಿ.

ನಿನ್ನೆ ನೀನಿಲ್ಲದಾಗ ಹೊಲಿಗೆ ತರಬೇತಿ ಕೇಂದ್ರದ ಮೇಡಂ ಬಂದಿದ್ರು. ಸ್ಕೂಲ್ ಬಿಟ್ಟ ಮಕ್ಕಳಿಗೆ ಉಚಿತವಾಗಿ ಕಲಿಸ್ತಾರಂತೆ, ಬಸ್ ಪಾಸೂ ಕೊಡ್ತಾರಂತೆ. ನೀನೇ ಹೋಗಿ ಹೆಸರು ಕೊಟ್ಟಿದ್ಯಂತೆ, ನನಗೆ ಒಂದು ಮಾತು ಹೇಳಲಿಲ್ಲ.

"ಮಗಳು ಏನ್ ಮಾಡ್ತಿದಾಳೆ?" ಅಂದ್ರು. ಪಕ್ಕದಲ್ಲೇ ಓನರ್ ಆಂಟಿ ನಿಂತಿದ್ರು ಕಣೇ. "ಪಿಯುಸಿ ಓದ್ತಿದಾಳೆ" ಅಂದ್ಬಿಟ್ಟೆ. "ಓದ್ತಿದ್ರೆ ಒಳ್ಳೇದೇ, ನಮ್ಮ ಸೀಟು ಸ್ಕೂಲ್ ಬಿಟ್ಟೋರಿಗೆ" ಅಂತ ಹೆಸರು ಹೊಡೆದುಹಾಕಿ ಹೋದ್ರು.

ಈಗ ಗೋವಿಂದರಾಜನಗರದ ಆ ಕೇಂದ್ರಕ್ಕೇ ಹೊರಟಿದೀನಿ. ಹತ್ತನೇ ಕ್ಲಾಸಿಗೇ ಬಿಟ್ಟು ಮನೇಲಿದಾಳೆ, ನಾನು ಸುಳ್ಳು ಹೇಳ್ದೆ ಅಂತ ಹೇಳಿ, ಸೀಟು ಕೇಳಿ ಬರ್ತೀನಿ. ಅಮ್ಮ ಎಲ್ಲಿ ಅಂತ ಓನರ್ ಆಂಟಿ ಕೇಳಿದ್ರೆ ನೀನೂ ಅದನ್ನೇ ಹೇಳು.

ಬೀದಿಯವರು ನೋಡ್ಲಿ ಅಂತ ಬೆಳಿಗ್ಗೆ ಬೆಳಿಗ್ಗೆ ಕಾಲೇಜ್ ಬ್ಯಾಗ್ ಹಾಕಿಸಿ ಹೊಸಹಳ್ಳಿ ಅಜ್ಜಿ ಮನೆಗೆ ಕಳಿಸ್ತಿದ್ನಲ್ಲ, ಇನ್ನು ಬೇಡ. ಬ್ಯಾಗ್ ಹುಡುಕಬೇಡ. ಬರ್ತಾ ಸೊಪ್ಪು ತರೋಕೆ ನಾನೇ ತಗೊಂಡು ಹೋಗಿದೀನಿ.

ಅಮ್ಮ